ಬಚ್ಚಲಮನೆಗೆ ಹೊಸ ಕೊಳಾಯಿ: ಹಣದ ಲೆಕ್ಕಕ್ಕೆ ಮೊದಲು ನೀರಿನ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳ ಬಚ್ಚಲನ್ನು ನೀವು ನೋಡಿರಬಹುದು. ಮನೆಯ ಹಿಂಭಾಗದಲ್ಲಿ ಹೊಗೆಯಿಂದ ಕಪ್ಪಾದ ದೊಡ್ಡ ಕೋಣೆ. ಒಂದು ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಕಲ್ಲು ಮರಿಗೆ, ಕುಳಿತು ಮೀಯಲು ಒಂದು ಹಾಸುಗಲ್ಲು. ಗೋಡೆಯ ಬುಡದಲ್ಲಿ ಒಂದು ಕಿಂಡಿ. ಅಲ್ಲಿಂದ ಹೊರಬಿದ್ದ ನೀರು ಹಿತ್ತಲಿನ ಬಾಳೆ, ಕೆಸುವಿನ ಬುಡಕ್ಕೆ ಹರಿಯುತ್ತದೆ. ಶೌಚಾಲಯ ಮಾತ್ರ ಬೇರೆ. ಅಂಗಳ ದಾಟಿ ಹೋಗಬೇಕು.

ಈಗ ಈ ವ್ಯವಸ್ಥೆ ಬದಲಾಗುತ್ತಿದೆ. ಮಳೆಗಾಲದ ರಾತ್ರಿಯಲ್ಲಿ ವಯಸ್ಸಾದವರು ಜಾರುವ ಅಂಗಳದಲ್ಲಿ ಕೊಡೆ ಹಿಡಿದು ಶೌಚಕ್ಕೆ ಹೋಗುವುದು ಅಪಾಯ ಎಂಬುದು ಎಲ್ಲರಿಗೂ ತಿಳಿದಿದೆ. ಮೊಣಕಾಲು ನೋವಿನವರಿಗೆ ಕುಕ್ಕರುಗಾಲಿನಲ್ಲಿ ಕೂರುವುದು ಕಷ್ಟ. ಆದ್ದರಿಂದ ಮನೆಯೊಳಗೇ ಶೌಚಾಲಯ, ಕಮೋಡು, ತಿರುಗಿಸಿದರೆ ಬಿಸಿನೀರು ಬರುವ ನಲ್ಲಿ ಬೇಕೆನಿಸುತ್ತದೆ. ಇದಕ್ಕೆ ತಗಲುವ ಹಣ ಸಾಮಾನ್ಯವಾಗಿ ಒಂದು ಅಡಿಕೆ ಕೊಯ್ಲಿನ ಉಳಿತಾಯದಿಂದಲೋ ಸಂಬಳದ ಮೇಲಿನ ಸಾಲದಿಂದಲೋ ಬರಬೇಕು. ಆ ಹಣ ಕೆಲಸ ಅರ್ಧವಾಗುವಾಗಲೇ ಮುಗಿದುಹೋಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಹೀಗೇಕೆ?

ನಾವು ಖರ್ಚನ್ನು ಅಂಗಡಿಯಲ್ಲಿ ಕಾಣುವ ವಸ್ತುಗಳಿಂದ ಲೆಕ್ಕ ಹಾಕುತ್ತೇವೆ. ಕಮೋಡಿಗೆ ಇಷ್ಟು, ಟೈಲ್ಸಿಗೆ ಇಷ್ಟು, ಷವರಿಗೆ ಇಷ್ಟು. ಆದರೆ ಕೊಳಾಯಿ ಕೆಲಸದ ಖರ್ಚನ್ನು ನಿಜವಾಗಿ ತೀರ್ಮಾನಿಸುವುದು ನೆಲದ ಕೆಳಗೂ ಗೋಡೆಯ ಒಳಗೂ ನೀರು ಸಾಗುವ ದಾರಿ. ಆ ದಾರಿಯನ್ನು ಗೊತ್ತುಮಾಡುವುದು ಗುರುತ್ವ. ಹೈಸ್ಕೂಲಿನ ಭೌತವಿಜ್ಞಾನ, ಒಂದು ಅಳತೆ ಪಟ್ಟಿ ಮತ್ತು ಒಂದು ಪಾರದರ್ಶಕ ಕೊಳವೆ ಇದ್ದರೆ ಈ ದಾರಿಯ ಲೆಕ್ಕವನ್ನು ನೀವೇ ಮಾಡಬಹುದು. ಹೇಗೆಂದು ನೋಡೋಣ.

ದಿನಕ್ಕೆ ಎಷ್ಟು ನೀರು?

ಐದು ಜನರ ಮನೆಯನ್ನು ತೆಗೆದುಕೊಳ್ಳೋಣ. ಒಬ್ಬರ ಸ್ನಾನಕ್ಕೆ 25 ಲೀಟರ್ ಎಂದರೆ ಒಟ್ಟು 125 ಲೀಟರ್. ಶೌಚಾಲಯಕ್ಕೆ ಒಬ್ಬರು ದಿನಕ್ಕೆ ಐದು ಸಲ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ 10 ಲೀಟರ್ ಸುರಿಯುವ ಹಳೆಯ ಮಾದರಿಯ ಫ್ಲಷ್ ತೊಟ್ಟಿ ಇದ್ದರೆ ಇಡೀ ಮನೆಗೆ 25 × 10 = 250 ಲೀಟರ್ ಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡ ಗುರಿ ದಿನಕ್ಕೆ ತಲಾ 55 ಲೀಟರ್. ಐದು ಜನರಿಗೆ 275 ಲೀಟರ್. ಅಂದರೆ ನಲ್ಲಿಯಲ್ಲಿ ಬಂದ ನೀರೆಲ್ಲ ಹೆಚ್ಚುಕಡಿಮೆ ಫ್ಲಷ್‌ಗೇ ಹೋಯಿತು!

ಎರಡು ಗುಂಡಿಗಳಿರುವ, 3 ಮತ್ತು 6 ಲೀಟರ್ ಬಿಡುವ ತೊಟ್ಟಿಯನ್ನು ಆರಿಸಿದರೆ? ಒಬ್ಬರಿಗೆ ಒಂದು ಸಲ 6 ಲೀಟರ್, ನಾಲ್ಕು ಸಲ 3 ಲೀಟರ್, ಒಟ್ಟು 18 ಲೀಟರ್. ಐದು ಜನರಿಗೆ 90 ಲೀಟರ್. ದಿನಕ್ಕೆ 160 ಲೀಟರ್ ಉಳಿಯಿತು. ಮಳೆ ಧಾರಾಳವಾಗಿ ಬೀಳುವ ಮಲೆನಾಡಿನಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ಮನೆಗಳಿವೆ. ಅಲ್ಲಿ ಈ 160 ಲೀಟರ್ ಸಣ್ಣ ಮೊತ್ತವಲ್ಲ. ಒಳಗೆ ಬಂದ ನೀರೆಲ್ಲ ಹೊರಗೆ ಹೋಗಲೇಬೇಕಾದ್ದರಿಂದ ಇಂಗುಗುಂಡಿಯ ಹೊರೆಯೂ ಅಷ್ಟೇ ಇಳಿಯುತ್ತದೆ.

ಒಳಬರುವ ನೀರು: ಎತ್ತರವೇ ಒತ್ತಡ

ನಿಂತ ನೀರಿನ ಒತ್ತಡ ಅದರ ಮೇಲ್ಮೈಯ ಎತ್ತರವನ್ನು ಅವಲಂಬಿಸುತ್ತದೆಯೇ ಹೊರತು ತೊಟ್ಟಿಯ ಗಾತ್ರವನ್ನಲ್ಲ ಎಂಬುದನ್ನು ನೀವು ಓದಿದ್ದೀರಿ. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಭಾರದಷ್ಟು ಒತ್ತಡ ಹೆಚ್ಚುತ್ತದೆ. ಸಾಗರ ತಾಲ್ಲೂಕಿನ ಜೋಗದ ಜಲಪಾತದ ಎತ್ತರ 253 ಮೀಟರ್. ಅಷ್ಟೆತ್ತರದ ಕೊಳವೆಯಲ್ಲಿ ನೀರು ತುಂಬಿದ್ದರೆ ತಳದಲ್ಲಿ ಸುಮಾರು 25 ಕಿಲೋಗ್ರಾಂ ಒತ್ತಡ. ಮನೆಯ ಮೇಲಿನ ತೊಟ್ಟಿಯ ತಳ ಷವರಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಒತ್ತಡ ಕೇವಲ 0.2 ಕಿಲೋಗ್ರಾಂ. ಅಂಗಡಿಯಲ್ಲಿ ಧಾರಾಕಾರವಾಗಿ ಸುರಿದ ಷವರು ಮನೆಯಲ್ಲಿ ತೊಟ್ಟಿಕ್ಕುವುದು ಇದರಿಂದಲೇ. ಷವರು ಕೊಳ್ಳುವ ಮೊದಲು ತೊಟ್ಟಿಯ ಎತ್ತರವನ್ನು ಅಳೆಯಿರಿ. ಎತ್ತರ ಸಾಲದಿದ್ದರೆ ತೊಟ್ಟಿಯ ಕಟ್ಟೆಯನ್ನು ಏರಿಸುವ ಖರ್ಚನ್ನೋ ಒತ್ತಡದ ಪಂಪಿನ ಖರ್ಚನ್ನೋ ಪಟ್ಟಿಯಲ್ಲಿ ಬರೆಯಿರಿ. ಎರಡೂ ಬೇಡವೆಂದರೆ ಚೊಂಬು–ಬಕೆಟ್ಟಿನ ಸ್ನಾನವೇ ಉತ್ತಮ.

ಕಡಿಮೆ ಎತ್ತರದ ತೊಟ್ಟಿಗೆ ಸಪೂರ ಪೈಪು ಹಾಕಿ ಹಣ ಉಳಿಸಲು ಹೋಗಬೇಡಿ. ಹರಿವು ಅಷ್ಟೇ ಇರಬೇಕಾದರೆ, ಪೈಪಿನ ಒಳವ್ಯಾಸ ಅರ್ಧವಾದಾಗ ಘರ್ಷಣೆಯಿಂದ ನಷ್ಟವಾಗುವ ಒತ್ತಡ ಎರಡು ಪಟ್ಟಲ್ಲ, ಸುಮಾರು 32 ಪಟ್ಟು ಆಗುತ್ತದೆ. ತೊಟ್ಟಿಯಿಂದ ಬಚ್ಚಲಿನವರೆಗೆ ಒಂದಿಂಚಿನ ಪೈಪು ತಂದು, ಒಳಗೆ ಮುಕ್ಕಾಲಿಂಚಿಗೂ ನಲ್ಲಿಯ ಬಳಿ ಮಾತ್ರ ಅರ್ಧ ಇಂಚಿಗೂ ಇಳಿಸುವುದು ಒಳ್ಳೆಯ ಕ್ರಮ.

ಗುಡ್ಡದ ಅಬ್ಬಿ ನೀರನ್ನು ಬಳಸುವ ಮನೆಗಳ ಸಮಸ್ಯೆ ಇದಕ್ಕೆ ತದ್ವಿರುದ್ಧ. ಹಿಂದೆ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳಲ್ಲಿ ಈ ನೀರು ಅಂಗಳಕ್ಕೆ ಬರುತ್ತಿತ್ತು. ಆಮೇಲೆ ಪಿವಿಸಿ ಪೈಪು ಬಂತು. ಆದರೂ ಅದರ ತುದಿ ತೆರೆದೇ ಇತ್ತು. ನೀರು ಹಗಲೂ ರಾತ್ರಿ ಮರಿಗೆಗೆ ಬಿದ್ದು ತುಂಬಿ ತೋಟಕ್ಕೆ ಹೋಗುತ್ತಿತ್ತು. ಈಗ ಆ ತುದಿಗೆ ನಲ್ಲಿ ಹಾಕಿ ಮುಚ್ಚಿದಿರಿ ಎನ್ನಿ. ಏನಾಗುತ್ತದೆ? ಹರಿಯುತ್ತಿದ್ದಾಗ ಘರ್ಷಣೆಯಲ್ಲಿ ಕಳೆದುಹೋಗುತ್ತಿದ್ದ ಒತ್ತಡ ಈಗ ಇಡಿಯಾಗಿ ಪೈಪಿನ ಗೋಡೆಯ ಮೇಲೆ ಬೀಳುತ್ತದೆ. ನೀರಿನ ಮೂಲ 45 ಮೀಟರ್ ಮೇಲಿದ್ದರೆ ಒತ್ತಡ 4.5 ಕಿಲೋಗ್ರಾಂ. ಪೈಪು 4 ಕಿಲೋಗ್ರಾಂ ದರ್ಜೆಯದಾಗಿದ್ದರೆ ಅದು ತಾಳಿಕೆಯ ಮಿತಿಯನ್ನು ಮೀರಿತು. ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಹರಿವ ನೀರಿನ ಸಂವೇಗದಿಂದ ಬೀಳುವ ಪೆಟ್ಟು ಇದಕ್ಕೆ ಸೇರುತ್ತದೆ. ಹತ್ತಾರು ವರ್ಷ ತಾಳಿದ ಪೈಪು ಹೊಸ ನಲ್ಲಿ ಹಾಕಿದ ವಾರದಲ್ಲೇ ಒಡೆಯುವುದಕ್ಕೆ ಕಾರಣ ಇದೇ. ಪರಿಹಾರ ಸರಳ. ಮನೆಗಿಂತ ಐದಾರು ಮೀಟರ್ ಮೇಲೆ ಒಂದು ತೊಟ್ಟಿಯನ್ನಿಟ್ಟು, ಅಬ್ಬಿಯ ಪೈಪನ್ನು ಅದರೊಳಗೆ ತೆರೆದು ಬಿಡಿ. ಹೆಚ್ಚಾದ ನೀರು ತೋಟಕ್ಕೆ ಹೋಗಲಿ. ಬಚ್ಚಲಿಗೆ ಆ ತೊಟ್ಟಿಯಿಂದ ಬೇರೆ ಪೈಪು ತನ್ನಿ. ಒತ್ತಡ ಅಲ್ಲಿಗೆ ಹೊಸದಾಗಿ ಆರಂಭವಾಗುತ್ತದೆ.

ಬಿಸಿನೀರು: ದೂರ ಕಡಿಮೆಯಾದಷ್ಟೂ ಲಾಭ

ಮುಕ್ಕಾಲಿಂಚಿನ ಸಿಪಿವಿಸಿ ಪೈಪಿನ ಒಳವ್ಯಾಸ ಸುಮಾರು 1.8 ಸೆಂಟಿಮೀಟರ್. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 2.5 ಚದರ ಸೆಂಟಿಮೀಟರ್. ಬಿಸಿನೀರಿನ ಮೂಲ 12 ಮೀಟರ್ ದೂರವಿದ್ದರೆ ಪೈಪಿನಲ್ಲಿ 1,200 × 2.5 = 3,000 ಘನ ಸೆಂಟಿಮೀಟರ್, ಅಂದರೆ 3 ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸ್ನಾನಕ್ಕೂ ಮೊದಲು ಈ 3 ಲೀಟರ್ ತಣ್ಣೀರು ಹರಿದುಹೋಗಬೇಕು. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಬೇಕು. ಗೀಸರನ್ನು ಬಚ್ಚಲಿನ ಗೋಡೆಗೇ ಹಾಕಿದರೆ ಪೈಪೂ ಉಳಿಯಿತು, ನೀರೂ ಉಳಿಯಿತು, ಶಾಖವೂ ಉಳಿಯಿತು. ಗ್ಯಾಸ್ ಗೀಸರಿಗೆ ಮಾತ್ರ ಈ ಮಾತು ಸಲ್ಲದು. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ಪ್ರಾಣ ತೆಗೆಯಬಲ್ಲದು. ಅದರ ಜಾಗ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ.

ಉರುವಲು ಧಾರಾಳವಾಗಿರುವ ಮನೆಯವರು ಹಂಡೆಯ ಬದಲು ಸೌದೆಯ ಬಾಯ್ಲರ್ ಇಟ್ಟು ಅದಕ್ಕೆ ಪೈಪು ಜೋಡಿಸುವುದುಂಟು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಸಿಪಿವಿಸಿ ಬಿಸಿನೀರನ್ನು ತಾಳುತ್ತದೆ, ಕುದಿಯುವ ನೀರನ್ನಲ್ಲ. ಬಾಯ್ಲರಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಜಿಐ ಅಥವಾ ತಾಮ್ರದ ಪೈಪು ಇರಲಿ. ತಣ್ಣೀರಿಗೆಂದು ಮಾಡಿದ ಬಿಳಿಯ ಪಿವಿಸಿ ಪೈಪನ್ನು ಬಿಸಿನೀರಿಗೆ ಎಲ್ಲಿಯೂ ಬಳಸಬಾರದು. ಎರಡನೆಯದು, ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ತೆರೆದ ಹಂಡೆಯಲ್ಲಿ ಆವಿ ತಾನಾಗಿ ಹೊರಗೆ ಹೋಗುತ್ತಿತ್ತು. ಮುಚ್ಚಿದ ಬಾಯ್ಲರಿಗೆ ತೊಟ್ಟಿಯ ಮಟ್ಟಕ್ಕಿಂತ ಮೇಲಕ್ಕೆ ಹೋಗಿ ಆಕಾಶಕ್ಕೆ ತೆರೆದಿರುವ ಆವಿಕೊಳವೆ ಇರಲೇಬೇಕು, ಅದರಲ್ಲಿ ಎಲ್ಲಿಯೂ ವಾಲ್ವ್ ಇರಬಾರದು. ಹಣ ಸಾಲದೆಂದು ಕೈಬಿಡಬಾರದ ಬಾಬತ್ತುಗಳಲ್ಲಿ ಇದು ಮೊದಲನೆಯದು.

ಹೊರಹೋಗುವ ನೀರು: ಇಳಿಜಾರಿನ ಬೆಲೆ

ಒಳಬರುವ ನೀರಿನ ಹಿಂದೆ ಒತ್ತಡವಿದೆ. ಆದ್ದರಿಂದ ಅದರ ಪೈಪನ್ನು ಮೇಲೆ, ಕೆಳಗೆ, ಬಳಸು ದಾರಿಯಲ್ಲಿ ಹೇಗೆ ಬೇಕಾದರೂ ಒಯ್ಯಬಹುದು. ಹೊರಹೋಗುವ ನೀರಿಗೆ ಗುರುತ್ವ ಒಂದೇ ಗತಿ. ಕಮೋಡಿನ 110 ಮಿಲಿಮೀಟರ್ ಪೈಪಿಗೆ 40ಕ್ಕೆ 1ರ ಇಳಿಜಾರು ರೂಢಿಯಲ್ಲಿದೆ: 4 ಮೀಟರಿಗೆ 10 ಸೆಂಟಿಮೀಟರ್. 60ಕ್ಕೆ 1ಕ್ಕಿಂತ ಕಡಿಮೆಯಾದರೆ ನೀರಿನ ವೇಗ ಸಾಲದೆ ಮಲ ಅಲ್ಲಲ್ಲೇ ತಂಗಿ ಪೈಪು ಕಟ್ಟಿಕೊಳ್ಳುತ್ತದೆ. ತೀರಾ ಕಡಿದಾದ ಇಳಿಜಾರೂ ಒಳ್ಳೆಯದಲ್ಲ. ತೆಳುವಾದ ನೀರು ಓಡಿಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ಮನೆಯ ಹಿಂದೆ ಸೆಪ್ಟಿಕ್ ಟ್ಯಾಂಕ್ ಇದೆ. ಅದಕ್ಕೆ ಪೈಪು ಸೇರುವ ಬಾಯಿ ಮನೆಯ ನೆಲಮಟ್ಟಕ್ಕಿಂತ 36 ಸೆಂಟಿಮೀಟರ್ ಕೆಳಗಿದೆ. ಕಮೋಡಿಗೆ ಮೂರು ಯೋಜನೆಗಳಿವೆ.

ಯೋಜನೆ ಅ: ಹಳೆಯ ಬಚ್ಚಲಿನ ಹಿಂಗೋಡೆಯ ಬಳಿ ಕಮೋಡು. ಟ್ಯಾಂಕಿಗೆ 6 ಮೀಟರ್ ದೂರ.

ಯೋಜನೆ ಆ: ಅಜ್ಜ–ಅಜ್ಜಿ ಮಲಗುವ ಕೋಣೆಗೆ ತಾಗಿ, ಮನೆಯ ಒಳಭಾಗದಲ್ಲಿ ಕಮೋಡು. ನೆಲದಡಿಯಲ್ಲಿ ಸಾಗುವ ಪೈಪಿಗೆ 12 ಮೀಟರ್ ದೂರ.

ಯೋಜನೆ ಇ: ಅದೇ ಕೋಣೆಗೆ ತಾಗಿ, ಆದರೆ ಹೊರಗೋಡೆಗೆ ಬೆನ್ನು ಕೊಟ್ಟ ಕಮೋಡು. ಪೈಪು ಗೋಡೆಯ ಹೊರಗೆ ಸಾಗುತ್ತದೆ. ಇದಕ್ಕೂ 12 ಮೀಟರ್.

ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಿನಲ್ಲಿ ಪೈಪಿನ ತಳ ನೆಲಮಟ್ಟಕ್ಕಿಂತ ಸುಮಾರು 18 ಸೆಂಟಿಮೀಟರ್ ಕೆಳಗೆ ಆರಂಭವಾಗುತ್ತದೆ ಎನ್ನೋಣ. ಯೋಜನೆ ಅ ಪ್ರಕಾರ 6 ಮೀಟರಿಗೆ ಇಳಿತ 15 ಸೆಂಟಿಮೀಟರ್. ಪೈಪು ಟ್ಯಾಂಕನ್ನು ಮುಟ್ಟುವಾಗ 18 + 15 = 33 ಸೆಂಟಿಮೀಟರ್ ಆಳದಲ್ಲಿರುತ್ತದೆ. ಬಾಯಿ 36ರಲ್ಲಿದೆ, ಕೆಲಸ ಸುಸೂತ್ರ. ಯೋಜನೆ ಆ ಪ್ರಕಾರ 12 ಮೀಟರಿಗೆ ಇಳಿತ 30 ಸೆಂಟಿಮೀಟರ್. ಒಟ್ಟು 48; ಟ್ಯಾಂಕಿನ ಬಾಯಿಗಿಂತ ಕೆಳಗೆ ಹೋಯಿತು! ಇಳಿಜಾರನ್ನು 60ಕ್ಕೆ 1ಕ್ಕೆ ತಗ್ಗಿಸಿದರೂ 18 + 20 = 38. ಇನ್ನೂ 2 ಸೆಂಟಿಮೀಟರ್ ಸಾಲದು. ಆಗ ಶೌಚಾಲಯದ ನೆಲವನ್ನು ಎತ್ತರಿಸಬೇಕು, ಇಲ್ಲವೇ ಟ್ಯಾಂಕನ್ನು ಬದಲಿಸಬೇಕು. ನೆಲ ಎತ್ತರಿಸಿದರೆ ಬಾಗಿಲಲ್ಲಿ ಒಂದು ಮೆಟ್ಟಿಲು ಬರುತ್ತದೆ. ಯಾರ ಅನುಕೂಲಕ್ಕೆಂದು ಕೆಲಸ ಹಿಡಿದೆವೋ ಅವರೇ ಎಡವುವ ಮೆಟ್ಟಿಲು ಅದು.

ಯೋಜನೆ ಇದಲ್ಲಿ ಗೋಡೆಗೆ ಚಾಚುವ ಪಿ ಟ್ರ್ಯಾಪ್ ಕಮೋಡನ್ನು ಹಾಕಬಹುದು. ಅದರ ಪೈಪಿನ ತಳ ನೆಲಕ್ಕಿಂತ ಸುಮಾರು 13 ಸೆಂಟಿಮೀಟರ್ ಮೇಲಿರುತ್ತದೆ. ಅಲ್ಲಿಂದ 30 ಸೆಂಟಿಮೀಟರ್ ಇಳಿದರೂ ಟ್ಯಾಂಕಿನ ಬಳಿ ನೆಲಮಟ್ಟಕ್ಕಿಂತ 17 ಸೆಂಟಿಮೀಟರ್ ಮಾತ್ರ ಕೆಳಗೆ. ಉಳಿದ 19 ಸೆಂಟಿಮೀಟರನ್ನು ಕೊನೆಯ ಚೇಂಬರಿನಲ್ಲಿ ಒಮ್ಮೆಲೇ ಇಳಿಸಿಕೊಳ್ಳಬಹುದು. ಒಳನೆಲವನ್ನು ಒಡೆಯಬೇಕಾಗಿಲ್ಲ. ಹೊರಗೆ ಕಾಣುವ ಪೈಪನ್ನು ಇಟ್ಟಿಗೆ–ಗಾರೆಯಿಂದ ಮುಚ್ಚಬೇಕು. ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ.

ಈಗ ಹಣಕ್ಕೆ ಬರೋಣ. ಕೆಳಗಿನ ದರಗಳನ್ನು ಲೆಕ್ಕದ ಕ್ರಮ ತೋರಿಸಲೆಂದು ಮಾತ್ರ ಇಟ್ಟುಕೊಂಡಿದೆ. ನೀವು ನಿಮ್ಮ ಊರಿನ ದರ ಹಾಕಿಕೊಳ್ಳಿ. ಮೂರೂ ಯೋಜನೆಗಳಿಗೆ ಸಮಾನವಾದ ಕಮೋಡು, ನಲ್ಲಿ ಮುಂತಾದವನ್ನು ಬಿಟ್ಟು, ವ್ಯತ್ಯಾಸವಾಗುವ ಬಾಬತ್ತುಗಳನ್ನಷ್ಟೇ ಬರೆದಿದೆ (ರೂಪಾಯಿಗಳಲ್ಲಿ).

110 ಮಿಮೀ ಪೈಪು, ಮೀಟರಿಗೆ 250: ಅ – 1,500; ಆ – 3,000; ಇ – 3,000
ಚೇಂಬರು, ಬೆಂಡು, ಒಂದು ಜೋಡಣೆಗೆ 2,500: ಅ – 2,500, ಆ – 5,000, ಇ – 5,000
ನೆಲ ಅಥವಾ ಗೋಡೆ ಒಡೆದು ಮುಚ್ಚುವುದು: ಅ – 800, ಆ – 5,600, ಇ – 2,000
ನೆಲ ಎತ್ತರಿಸುವುದು: ಅ – ಇಲ್ಲ, ಆ – 6,000, ಇ – ಇಲ್ಲ
ಪ್ಲಂಬರ್ ಮತ್ತು ಸಹಾಯಕ, ದಿನಕ್ಕೆ 2,000: ಅ – 4,000 (2 ದಿನ); ಆ – 10,000 (5 ದಿನ); ಇ – 6,000 (3 ದಿನ)
ಒಟ್ಟು: ಅ – 8,800, ಆ – 29,600, ಇ – 16,000

ಅ ಮತ್ತು ಆ ಯೋಜನೆಗಳ ನಡುವೆ ಪೈಪಿನ ಬೆಲೆಯ ಅಂತರ 1,500 ಮಾತ್ರ. ಒಟ್ಟು ಅಂತರವೋ 20,800! ಅಂಗಡಿಯ ಬಿಲ್ಲಿನಲ್ಲಿ ಕಾಣದ ಖರ್ಚು ಎಲ್ಲಿರುತ್ತದೆ ಎಂಬುದು ಈಗ ತಿಳಿಯಿತಲ್ಲವೆ? ಇನ್ನೊಂದು ಅಂಶವನ್ನೂ ಗಮನಿಸಿ. ಹಿರಿಯರಿಗೆ ಬೇಕಾದ ಸೌಕರ್ಯ ಆ ಮತ್ತು ಇ ಎರಡರಲ್ಲೂ ಒಂದೇ. ಕಮೋಡನ್ನು ಯಾವ ಗೋಡೆಗೆ ತಾಗಿಸುತ್ತೇವೆ ಎಂಬ ಒಂದೇ ನಿರ್ಧಾರದಿಂದ 13,600 ರೂಪಾಯಿ ಉಳಿಯಿತು. ಆ ನಿರ್ಧಾರಕ್ಕೆ ಬೇಕಾಗಿದ್ದದ್ದು ಮೊದಲೇ ಮಾಡಿದ ಒಂದು ಮಟ್ಟದ ಅಳತೆ.

ನೀರಿನ ಬಾಗಿಲು

ಹಳೆಯ ಬಚ್ಚಲಿನ ಕಿಂಡಿ ಬಯಲಿಗೆ ತೆರೆದಿತ್ತು. ಹೊಸ ಪೈಪು ಟ್ಯಾಂಕಿಗೆ ತೆರೆದಿರುತ್ತದೆ. ಅಲ್ಲಿ ಮೀಥೇನ್, ಹೈಡ್ರೊಜನ್ ಸಲ್ಫೈಡ್ ಮೊದಲಾದ ಅನಿಲಗಳು ಹುಟ್ಟುತ್ತವೆ. ಅವು ಮನೆಯೊಳಗೆ ಬಾರದಂತೆ ತಡೆಯುವುದು ಟ್ರ್ಯಾಪಿನ ಬಾಗಿನಲ್ಲಿ ನಿಂತ ಸುಮಾರು 5 ಸೆಂಟಿಮೀಟರ್ ನೀರು. ವಾಯುಮಂಡಲದ ಒತ್ತಡದ ಇನ್ನೂರರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಾದರೂ ಸಾಕು, ಈ ಬಾಗಿಲು ತೆರೆದುಕೊಳ್ಳುತ್ತದೆ. ಫ್ಲಷ್ ಮಾಡಿದಾಗ ನೀರು ಪೈಪು ತುಂಬಿ ಓಡಿದರೆ ಹಿಂದೆ ಒತ್ತಡ ಕುಸಿದು, ಸೈಫನ್ನಿನಂತೆ ಟ್ರ್ಯಾಪಿನ ನೀರನ್ನೂ ಎಳೆದೊಯ್ಯಬಹುದು. ಆದ್ದರಿಂದ ಮಾಡಿನ ಮೇಲಕ್ಕೆ ಹೋಗುವ ಒಂದು ಗಾಳಿಕೊಳವೆ ಬೇಕು. ಅದರ ಖರ್ಚು ಅಲ್ಪ. ಕೆಲಸ ಮುಗಿದ ಮೇಲೆ ಸೇರಿಸಹೊರಟರೆ ಮಾತ್ರ ಗೋಡೆ ಒಡೆಯಬೇಕಾಗುತ್ತದೆ.

ಗುಂಡಿ, ಬಾವಿ, ಮಳೆಗಾಲ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಬಯಲುಸೀಮೆಯ ಅಂದಾಜು ಪಟ್ಟಿಯಲ್ಲಿ ಇಲ್ಲದ ಕೆಲವು ಪ್ರಶ್ನೆಗಳು ಇಲ್ಲಿ ಏಳುತ್ತವೆ.

ಐದು ಜನರಿಗೆ ಸಾಕಾಗುವ ಸೆಪ್ಟಿಕ್ ಟ್ಯಾಂಕಿನ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1 ಮೀಟರ್ ಎನ್ನೋಣ. ಅದರಲ್ಲಿ ಹಿಡಿಯುವುದು 1,125 ಲೀಟರ್. ಈಗ 20 ಚದರ ಮೀಟರ್ ಮಾಡಿನ ನೀರನ್ನು ಯಾರೋ ಅನುಕೂಲಕ್ಕೆಂದು ಇದೇ ಚೇಂಬರಿಗೆ ಬಿಟ್ಟರು ಎನ್ನಿ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ 20 × 0.1 = 2 ಘನ ಮೀಟರ್, ಅಂದರೆ 2,000 ಲೀಟರ್ ನೀರು ಟ್ಯಾಂಕಿಗೆ ನುಗ್ಗುತ್ತದೆ. ಕೊಳೆಯಲು ಸಮಯವೇ ಸಿಗದೆ ಎಲ್ಲವೂ ಹೊರಗೆ ತೊಳೆದುಹೋಗುತ್ತದೆ. ಮಳೆನೀರಿನ ದಾರಿ ಬೇರೆ, ಶೌಚದ ದಾರಿ ಬೇರೆ. ಸ್ನಾನದ ನೀರನ್ನೂ ಹಿಂದಿನವರಂತೆ ಪ್ರತ್ಯೇಕ ಪೈಪಿನಲ್ಲಿ ಬಾಳೆಯ ಬುಡಕ್ಕೆ ಬಿಡುವುದು ಜಾಣತನ. ಐದು ಜನರ 125 ಲೀಟರಿನ ಹೊರೆ ಇಂಗುಗುಂಡಿಗೆ ತಪ್ಪುತ್ತದೆ.

ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂಬುದು ಭಾರತೀಯ ಮಾನಕದ ನಿಯಮ. ಅದು ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿರಬೇಕು. ಜಂಬಿಟ್ಟಿಗೆಯ ನೆಲದಲ್ಲಿ ತೂತುಗಳೂ ಸಂದುಗಳೂ ಹೆಚ್ಚು. ನೀರು ಸೋಸಿಕೊಳ್ಳದೆಯೇ ದೂರ ಹರಿಯಬಲ್ಲದು. ಇಂಥ ಕಡೆ ದೂರ ಇನ್ನೂ ಹೆಚ್ಚಿದ್ದಷ್ಟು ಒಳ್ಳೆಯದು.

ಆಳದ ಲೆಕ್ಕವೂ ಇದೆ. ಆಗಸ್ಟಿನಲ್ಲಿ ನಿಮ್ಮ ಬಾವಿಯ ನೀರು ನೆಲಕ್ಕಿಂತ 2 ಮೀಟರ್ ಕೆಳಗಿನವರೆಗೆ ಏರುತ್ತದೆ ಎಂದಾದರೆ, ಅದೇ ಮಟ್ಟದ ನೆಲದಲ್ಲಿ ತೋಡಿದ 3 ಮೀಟರ್ ಆಳದ ಗುಂಡಿಯ ತಳ ಅಂತರ್ಜಲದಲ್ಲಿ 1 ಮೀಟರ್ ಮುಳುಗಿರುತ್ತದೆ. ಗುಂಡಿ ನೀರನ್ನು ಇಂಗಿಸುವ ಬದಲು ಮಲಿನ ನೀರು ನೇರವಾಗಿ ಅಂತರ್ಜಲಕ್ಕೆ ಸೇರುತ್ತದೆ. ಟೈಫಾಯಿಡ್, ಕಾಮಾಲೆ, ವಾಂತಿಭೇದಿ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಒಣಗಿದ ಗುಂಡಿಯನ್ನು ನೋಡಿ ತೃಪ್ತಿಪಟ್ಟರೆ ಈ ಅಪಾಯ ಕಾಣುವುದಿಲ್ಲ. ಅಳೆಯಲು ಮಳೆಗಾಲ, ಕಟ್ಟಲು ಬೇಸಿಗೆ ಎಂಬುದನ್ನು ನೆನಪಿಡಿ. ನೀರು ಮೇಲೆ ಬರುವ ಜಾಗದಲ್ಲಿ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿದ ಗುಂಡಿ ಬೇಕು. ಅದಕ್ಕೆ ಜಾಗ ಮತ್ತು ಹಣ ಎರಡನ್ನೂ ಮೊದಲೇ ತೆಗೆದಿಡಬೇಕು.

ಟ್ಯಾಂಕು ತುಂಬಿದಾಗ ಹೀರುವ ವಾಹನ ಹತ್ತಿರ ಬರಬಲ್ಲದೆ ಎಂಬುದನ್ನೂ ಯೋಚಿಸಿ. ಮನುಷ್ಯರನ್ನು ಟ್ಯಾಂಕಿಗೆ ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಗಿನ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ದಾರಿಯೇ ಇಲ್ಲದ ಗುಡ್ಡದ ಮನೆಗಳಿಗೆ, ಅಂತರ್ಜಲ ಆಳದಲ್ಲಿದ್ದರೆ, ಒಂದಾದ ಮೇಲೊಂದು ಬಳಸುವ ಜೋಡಿಗುಂಡಿಯ ಶೌಚಾಲಯ ಹೆಚ್ಚು ಸೂಕ್ತ. ಮುಚ್ಚಿಟ್ಟ ಗುಂಡಿಯಲ್ಲಿರುವುದು ಸುಮಾರು ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

ಹಣದ ಪಟ್ಟಿಯನ್ನು ಬರೆಯುವ ಕ್ರಮ

ಒಂದು ಹಾಳೆಯಲ್ಲಿ ಬಚ್ಚಲಿನ ನಕ್ಷೆಯನ್ನು ಪ್ರಮಾಣಕ್ಕೆ ಸರಿಯಾಗಿ ಬರೆಯಿರಿ. ತಣ್ಣೀರಿಗೆ ನೀಲಿ, ಬಿಸಿನೀರಿಗೆ ಕೆಂಪು, ಹೊರಹೋಗುವ ನೀರಿಗೆ ಕಪ್ಪು ಗೆರೆ ಎಳೆಯಿರಿ. ಪ್ರತಿ ಗೆರೆಯ ಉದ್ದ, ಪ್ರತಿ ತಿರುವು, ಪ್ರತಿ ವಾಲ್ವನ್ನು ಎಣಿಸಿ. ಆಮೇಲೆ ಏಳು ಶೀರ್ಷಿಕೆಗಳಲ್ಲಿ ಬರೆಯಿರಿ: ತೊಟ್ಟಿ ಮತ್ತು ತಣ್ಣೀರಿನ ಪೈಪು, ಬಿಸಿನೀರು, ಹೊರಪೈಪು, ಟ್ರ್ಯಾಪು, ಚೇಂಬರು, ಟ್ಯಾಂಕು ಮತ್ತು ಗುಂಡಿ, ಕಮೋಡು, ನಲ್ಲಿ ಮೊದಲಾದ ಮೇಲಿನ ಸಾಮಾನು, ಒಡೆಯುವ, ಮುಚ್ಚುವ ಕೆಲಸ ಮತ್ತು ಕೂಲಿ, ಕೊನೆಯದಾಗಿ, ಕಾಯ್ದಿಟ್ಟ ಹಣ. ಅಂಗಡಿಯಲ್ಲಿ ತೆರಿಗೆ ಮತ್ತು ಸಾಗಣೆ ಸೇರಿದ ದರವನ್ನೇ ಕೇಳಿ.

ಕಾಯ್ದಿಟ್ಟ ಹಣ ಏಕೆ? ಹಳೆಯ ನೆಲವನ್ನು ಅಗೆದಾಗ ಹಾಸುಬಂಡೆ ಸಿಗಬಹುದು, ತುಕ್ಕು ಹಿಡಿದ ಜಿಐ ಪೈಪು ಮುಟ್ಟಿದರೆ ಮುರಿಯಬಹುದು, ಮಣ್ಣಿನ ಗೋಡೆ ಕುಸಿಯಬಹುದು. ಹಳೆಯ ಮನೆಗಳಿಗೆ ಒಟ್ಟು ಮೊತ್ತದ ಐದರಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡುವುದು ಕ್ಷೇಮ. ಮಣ್ಣಿನ ಗೋಡೆಯನ್ನು ಕೊರೆದು ಪೈಪು ಹುದುಗಿಸಬೇಡಿ; ಕ್ಲಾಂಪು ಹಾಕಿ ಗೋಡೆಯ ಮೇಲೆಯೇ ಒಯ್ಯಿರಿ. ಸೆಕೆಂಡಿಗೆ ಒಂದು ಹನಿ ಸೋರಿದರೂ, ಹನಿಗೆ 0.05 ಮಿಲಿಲೀಟರಿನಂತೆ ದಿನಕ್ಕೆ 4 ಲೀಟರಿಗಿಂತ ಹೆಚ್ಚು ನೀರು ಗೋಡೆಗೆ ಇಳಿಯುತ್ತದೆ. ಹೊರಗೆ ಕಾಣುವ ಪೈಪಿನ ಸೋರಿಕೆ ಮೊದಲ ದಿನವೇ ಗೊತ್ತಾಗುತ್ತದೆ.

ಹಣ ಸಾಲದೆ ಬಂದರೆ ಯಾವುದನ್ನು ಕಡಿತ ಮಾಡಬೇಕು? ನಿಯಮ ಒಂದೇ: ಗೋಡೆ, ನೆಲದ ಒಳಗೆ ಹೋಗುವುದಕ್ಕೆ ಮೊದಲು ಹಣ, ಕಣ್ಣಿಗೆ ಕಾಣುವುದಕ್ಕೆ ಆಮೇಲೆ. ನಲ್ಲಿಯನ್ನು ಮುಂದಿನ ವರ್ಷ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಟೈಲ್ಸಿನಡಿಯ ಪೈಪನ್ನು ಬದಲಿಸಲು ಇಡೀ ಬಚ್ಚಲನ್ನು ಒಡೆಯಬೇಕು. ಷವರಿಗೆ ಈಗ ಹಣವಿಲ್ಲದಿದ್ದರೆ ಅದರ ಪೈಪನ್ನು ಮಾತ್ರ ಹಾಕಿಸಿ ತುದಿಗೆ ಮುಚ್ಚಳ ಹಾಕಿಸಿ. ಟೈಲ್ಸು ಕೂರಿಸುವ ಮೊದಲು ಪೈಪುಗಳಲ್ಲಿ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಿ. ಪೈಪುಗಳು ಕಾಣುವಾಗಲೇ ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆದಿಡಿ. ಮುಂದೆ ಗೋಡೆಗೆ ಮೊಳೆ ಹೊಡೆಯುವವರಿಗೆ ಅದೇ ನಕ್ಷೆ.

ತರಗತಿಯಲ್ಲಿ ಮಾಡಿ ನೋಡಿ

1. ಸುಮಾರು 15 ಮೀಟರ್ ಉದ್ದದ ಪಾರದರ್ಶಕ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಶಾಲೆಯ ಬಾಗಿಲಿನ ಬಳಿ, ಇನ್ನೊಂದನ್ನು ಅಂಗಳದ ಮೂಲೆಯಲ್ಲಿ ಎತ್ತಿ ಹಿಡಿಯಿರಿ. ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕಿರುವ ಎತ್ತರವನ್ನು ಎರಡೂ ಕಡೆ ಅಳೆದು ಕಳೆಯಿರಿ. ಅದೇ ಎರಡು ಜಾಗಗಳ ಮಟ್ಟದ ವ್ಯತ್ಯಾಸ. ಇದನ್ನೇ ನಿಮ್ಮ ಮನೆಯ ನೆಲಕ್ಕೂ ಟ್ಯಾಂಕಿನ ಬಾಯಿಗೂ ಮಾಡಿ.

2. ಮನೆಯ ಒಂದೊಂದು ನಲ್ಲಿಯಲ್ಲೂ 10 ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳಿ. ತೊಟ್ಟಿಯಿಂದ ನಲ್ಲಿಗಿರುವ ಎತ್ತರ, ದೂರ ಮತ್ತು ತಿರುವುಗಳ ಸಂಖ್ಯೆಯೊಂದಿಗೆ ಹೋಲಿಸಿ.

3. ಜೂನ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ನಿಮ್ಮ ಬಾವಿಯ ನೀರಿನ ಮಟ್ಟವನ್ನು ಹಗ್ಗದಿಂದ ಅಳೆದು ನಕ್ಷೆ ಬರೆಯಿರಿ. ಊರಿನ ಹತ್ತು ಬಾವಿಗಳ ನಕ್ಷೆಗಳನ್ನು ಒಟ್ಟುಗೂಡಿಸಿದರೆ ಎಲ್ಲಿ ಎಷ್ಟು ಆಳದ ಗುಂಡಿ ಸುರಕ್ಷಿತ ಎಂಬುದು ಸ್ಪಷ್ಟವಾಗುತ್ತದೆ. ಅಧ್ಯಾಪಕರು ಹೈಡ್ರೊಜನ್ ಸಲ್ಫೈಡ್ ಕಾಗದದ ಬಾಟಲಿ ಪರೀಕ್ಷೆಯನ್ನೂ ಮಾಡಿಸಬಹುದು. ಬಾವಿಯ ನೀರು ತುಂಬಿದ ಬಾಟಲಿ ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗಲಿರುವ ಸಂಭವ ಹೆಚ್ಚು ಎಂದರ್ಥ. ಅಂಥ ನೀರನ್ನು ಕುದಿಸಿಯೇ ಕುಡಿಯಬೇಕು.

ಈ ಮೂರು ಅಳತೆಗಳಿಗೆ ಖರ್ಚು ಒಂದು ಕೊಳವೆಯದು ಮಾತ್ರ. ಇವನ್ನು ಕೈಯಲ್ಲಿ ಹಿಡಿದು ಪ್ಲಂಬರನ್ನು ಕರೆಸಿದರೆ ಮಾತುಕತೆ ‘ಒಟ್ಟು ಎಷ್ಟಾಗಬಹುದು?’ ಎಂಬಲ್ಲಿಗೆ ನಿಲ್ಲುವುದಿಲ್ಲ. ಯಾವ ಗೋಡೆ, ಎಷ್ಟು ಮೀಟರ್, ಎಷ್ಟು ಇಳಿತ ಎಂಬುದರಿಂದ ಆರಂಭವಾಗುತ್ತದೆ. ಕೆಲಸ ಬಲ್ಲ ಪ್ಲಂಬರ್ ಕೂಡ ಇಂಥ ಮನೆಯವರನ್ನೇ ಇಷ್ಟಪಡುತ್ತಾನೆ.